ಕಾಮಣಿ ಎಂದು ಹೇಳಿ ಮುಚ್ಚಿಡಬೇಡಿ

ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಬಾಯಿಗೆ ಬರುವ ಮೊದಲ ಮಾತು ‘ಕಾಮಣಿ’. ಎರಡನೆಯ ಮಾತು, ಕಾಮಣಿಗೆ ಔಷಧ ಕೊಡುವವರು ಯಾವ ಊರಲ್ಲಿದ್ದಾರೆ ಎಂಬುದು. ಒಬ್ಬರು ಬೇರು ಅರೆದು ಕುಡಿಸುತ್ತಾರೆ, ಒಬ್ಬರು ತೋಳಿಗೆ ಬರೆ ಹಾಕುತ್ತಾರೆ, ಇನ್ನೊಬ್ಬರು ನೀರು ಮಂತ್ರಿಸಿ ಕೊಡುತ್ತಾರೆ. ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿರಲಿ, ಈ ನಾಲ್ಕು ತಾಲೂಕುಗಳಿಂದ ಒಡೆದು ಹೊಸದಾಗಿ ಹುಟ್ಟಿದ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳಿರಲಿ, ಕ್ರಮ ಮಾತ್ರ ಇದೇ. ಅಲ್ಲೆಲ್ಲ ಸುತ್ತಿ ಕಾಲು ಬಾತು, ಹೊಟ್ಟೆ ಉಬ್ಬಿದ ಮೇಲೆ ಆಸ್ಪತ್ರೆಯ ನೆನಪಾಗುತ್ತದೆ.

ಈ ಹಳ್ಳಿಯ ಔಷಧಗಳಿಗೆ ಹೆಸರು ಬಂದದ್ದು ಹೇಗೆ? ಮಲಿನ ನೀರಿನಿಂದ ಬರುವ ಕಾಮಾಲೆ, ಅಂದರೆ ವೈದ್ಯರು ಹೆಪಟೈಟಿಸ್ ‘ಎ’ ಮತ್ತು ‘ಇ’ ಎಂದು ಕರೆಯುವುದು, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗರ್ಭಿಣಿಯರಿಗೆ ಮಾತ್ರ ‘ಇ’ ತೀರಾ ಅಪಾಯಕಾರಿ, ಆ ಮಾತು ಇನ್ನೊಮ್ಮೆ. ತಾನಾಗಿ ಇಳಿಯುವ ರೋಗಕ್ಕೆ ಯಾವ ಬೇರು ಕೊಟ್ಟರೂ ಬೇರಿಗೇ ಕೀರ್ತಿ. ಆದರೆ ಹತ್ತು ಹದಿನೈದು ವರ್ಷ ದಿನವೂ ಕುಡಿದ ನಲವತ್ತರ ಗಂಡಸಿನ ಕಣ್ಣು ಹಳದಿಯಾದರೆ ಅದು ಆ ಕಾಮಣಿಯಲ್ಲ. ಅವನ ಲಿವರ್ ಸೋಲುತ್ತಿದೆ ಎಂದರ್ಥ. ಅಲ್ಲಿ ಬರೆ ಹಾಕಿಸಿಕೊಂಡು ಕಳೆದ ಒಂದೊಂದು ವಾರವೂ ಆಯುಷ್ಯದಿಂದಲೇ ಕಳೆದಂತೆ.

ಮನೆಯ ಮರ್ಯಾದೆಯ ಪ್ರಶ್ನೆ

ನಾನು ಮದ್ರಸದಲ್ಲಿ ಪಾಠ ಹೇಳುವವನು, ವೈದ್ಯನಲ್ಲ. ಆದರೆ ನಮ್ಮ ಕಡೆ ರೋಗಿಯ ಮನೆಯವರು ಆಸ್ಪತ್ರೆಗಿಂತ ಮೊದಲು ಮಸೀದಿ, ಮದ್ರಸಗಳ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಈ ರೋಗದ ಆರಂಭವನ್ನು ವೈದ್ಯರಿಗಿಂತ ಮೊದಲು ನೋಡುವವರು ನಾವೇ. ಸಿಂದಗಿ ಕಡೆಯ ಒಬ್ಬ ಮುದುಕಿ ಬಂದು, “ಹಜರತ್, ಮಗಗ ಕಾಮಣಿ ಆಗೇದ, ಒಂದ್ ತಾವೀಜ್ ಬರದ ಕೊಡ್ರಿ” ಎಂದರು. “ಕುಡೀತಾನೇನ್ರಿ ಖಾಲಾ?” ಎಂದು ಕೇಳಿದೆ. “ಇಲ್ರಿ, ಅಂವ ಅಂಥಾ ಹುಡುಗ ಅಲ್ರಿ” ಎಂದವರು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, “ಗೋವಾದಾಗ ಕೆಲಸಕ್ಕ ಹೋದಾಗಿಂದ ಸ್ವಲ್ಪ ಚಟ ಬಿದ್ದದರಿ, ಯಾರ ಮುಂದೂ ಹೇಳಬ್ಯಾಡ್ರಿ” ಎಂದರು. ಆ ಮಾತು ನನಗೆ ಹೇಳಲು ಅವರಿಗೆ ಅರ್ಧ ಗಂಟೆ ಬೇಕಾಯಿತು. ವೈದ್ಯರ ಮುಂದೆ ಎಷ್ಟು ದಿನ ಬೇಕಾದೀತೋ!

ನಮ್ಮ ಸಮುದಾಯದಲ್ಲಿ ಈ ರೋಗಕ್ಕೆ ಎರಡು ಬೀಗ. ಮದ್ಯ ಹರಾಮ್ ಎಂಬುದು ಮಗುವಿಗೂ ಗೊತ್ತು. ಆದ್ದರಿಂದ ನಮ್ಮಲ್ಲಿ ಕುಡಿಯುವವರೇ ಇಲ್ಲ ಎಂದು ನಾವು ನಂಬಿಸಿಕೊಳ್ಳುತ್ತೇವೆ. ಇದ್ದವರು ಕದ್ದು ಕುಡಿಯುತ್ತಾರೆ, ಮನೆಯವರು ಕದ್ದು ಅಳುತ್ತಾರೆ. ತಂಗಿಯ ನಿಕಾಹ್ ನಿಶ್ಚಯವಾಗಬೇಕು, ಜಮಾಅತಿನಲ್ಲಿ ಹೆಸರು ಉಳಿಯಬೇಕು. ಕೊನೆಗೆ ಆಸ್ಪತ್ರೆಯಲ್ಲೂ ‘ಕುಡಿತದ ಅಭ್ಯಾಸ ಇಲ್ಲ’ ಎಂದೇ ಬರೆಸುತ್ತಾರೆ. ವೈದ್ಯರು ಬೇರೆ ಕಾರಣ ಹುಡುಕುತ್ತಾ ಕೂರುತ್ತಾರೆ. ದಾಖಲಾದ ಎರಡನೆಯ ದಿನ ರೋಗಿ ನಡುಗಿ ಫಿಟ್ಸ್ ಬಂದಾಗ ಸತ್ಯ ಹೊರಬೀಳುತ್ತದೆ.

ಸಹೀಹ್ ಬುಖಾರಿಯಲ್ಲಿ ದಾಖಲಾದ ಒಂದು ಘಟನೆಯನ್ನು ಇಲ್ಲಿ ನೆನಪಿಸುವುದು ಅಗತ್ಯ. ಪ್ರವಾದಿ ಮುಹಮ್ಮದ್(ಸ)ರನ್ನು ನಗಿಸುತ್ತಿದ್ದ ಅಬ್ದುಲ್ಲಾ ಎಂಬ ಸಹಾಬಿಯೊಬ್ಬರಿದ್ದರು. ಕುಡಿದ ತಪ್ಪಿಗೆ ಅವರಿಗೆ ಶಿಕ್ಷೆಯಾಗಿತ್ತು. ಅವರನ್ನು ಮತ್ತೆ ಅದೇ ತಪ್ಪಿಗೆ ಹಿಡಿದು ತಂದಾಗ ಅಲ್ಲಿದ್ದ ಒಬ್ಬರು ಶಪಿಸಿದರು. ಪ್ರವಾದಿವರ್ಯರು(ಸ) ಶಪಿಸುವುದನ್ನು ತಡೆದು, ಆತನಿಗೆ ಅಲ್ಲಾಹ್ ಮತ್ತು ಅವನ ರಸೂಲರ ಮೇಲಿರುವ ಪ್ರೀತಿಗೆ ತಾವೇ ಸಾಕ್ಷಿ ನುಡಿದರು. ಶಿಕ್ಷೆ ತಪ್ಪಲಿಲ್ಲ, ಮದ್ಯ ಹಲಾಲ್ ಆಗಲಿಲ್ಲ, ಆದರೆ ಮನುಷ್ಯನನ್ನು ಹೊರಗೆ ತಳ್ಳಲಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ, ಮಾಡಿಸಿಕೊಳ್ಳಿ ಎಂದೂ ಅವರು ಹೇಳಿದ್ದು ಅಬೂದಾವೂದ್, ತಿರ್ಮಿದಿಗಳಲ್ಲಿದೆ. ತಾವೀಜು ಬೇಕೆನ್ನುವವರಿಗೆ ನಾನು ಮೊದಲು ಈ ಎರಡು ಮಾತು ಹೇಳಿ, ಆಮೇಲೆ ತಾಲೂಕು ಆಸ್ಪತ್ರೆಯ ದಾರಿ ತೋರಿಸುತ್ತೇನೆ.

ಕಲೇಜಿಯ ಮೇಲೆ ನಡೆಯುವುದೇನು?

ಬಕ್ರೀದ್ ದಿನ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬಾಣಲೆಗೆ ಬೀಳುವುದು ಕಲೇಜಿ. ಅದನ್ನು ಕೈಯಲ್ಲಿ ಹಿಡಿದ ಹೆಂಗಸರಿಗೆಲ್ಲ ಗೊತ್ತು, ಎಷ್ಟು ನುಣುಪು, ಎಷ್ಟು ಮೆದು, ರಕ್ತ ತುಂಬಿದ ಕಡುಗೆಂಪು. ನಮ್ಮದೂ ಹಾಗೆಯೇ. ಬಲ ಪಕ್ಕೆಲುಬುಗಳ ಕೆಳಗೆ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಹೊಟ್ಟೆ, ಕರುಳುಗಳಿಂದ ಬರುವ ರಕ್ತವೆಲ್ಲ ಇದನ್ನು ಹಾದೇ ಮುಂದೆ ಹೋಗಬೇಕು. ಕುಡಿದ ಮದ್ಯವನ್ನು ಮುರಿಯುವ ಕೆಲಸವೂ ಹೆಚ್ಚಾಗಿ ಇದರದೇ. ಆದರೆ ಒಂದು ಗಂಟೆಗೆ ಅದು ಮುರಿಯಬಲ್ಲದ್ದು ಸುಮಾರು 7ರಿಂದ 10 ಗ್ರಾಂ ಅಷ್ಟೆ.

ಈಗ ಲೆಕ್ಕ ಹಾಕಿ. ಅಂಗಡಿಯಲ್ಲಿ ‘ಕ್ವಾರ್ಟರ್’ ಎನ್ನುವ 180 ಮಿಲಿಲೀಟರ್ ವಿಸ್ಕಿ ಅಥವಾ ರಮ್ಮಿನ ಮೇಲೆ 42.8 ಎಂದು ಬರೆದಿರುತ್ತದೆ. ನೂರರಲ್ಲಿ ಅಷ್ಟು ಪಾಲು ಶುದ್ಧ ಮದ್ಯಸಾರ. ತೂಕಕ್ಕೆ ಇಳಿಸಿದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಬಿಯರ್ ಕುಡಿದರೆ ಏನೂ ಆಗದು ಎನ್ನುವವರಿಗೂ ಒಂದು ಲೆಕ್ಕ ಇದೆ: 8 ಶೇಕಡಾದ 650 ಮಿಲಿಲೀಟರ್ ಬಾಟಲಿಯಲ್ಲಿ 40 ಗ್ರಾಂ. ಗಂಡಸರಿಗೆ ದಿನಕ್ಕೆ 30 ಗ್ರಾಂ ದಾಟಿದಲ್ಲಿಂದಲೇ ಲಿವರ್ ರೋಗದ ಅಪಾಯ ಏರತೊಡಗುತ್ತದೆ, ಹೆಂಗಸರಿಗೆ ಅದಕ್ಕಿಂತ ಕಡಿಮೆ ಪ್ರಮಾಣವೇ ಸಾಕು.

ಮೊದಲ ಹಂತದಲ್ಲಿ ಲಿವರಿನಲ್ಲಿ ಕೊಬ್ಬು ತುಂಬುತ್ತದೆ. ಹೀಗೆ ಕುಡಿಯುವವರಲ್ಲಿ ಬಹುತೇಕ ಎಲ್ಲರಿಗೂ ಇದು ಆಗುತ್ತದೆ, ನೋವಿಲ್ಲ, ಲಕ್ಷಣವಿಲ್ಲ. ಸಂತೋಷದ ಸಂಗತಿಯೆಂದರೆ, ಕುಡಿತ ಪೂರ್ತಿ ನಿಲ್ಲಿಸಿದರೆ ಈ ಕೊಬ್ಬು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಎರಡನೆಯದು ಉರಿಯೂತ, ಅಂದರೆ ಆಲ್ಕೊಹಾಲಿಕ್ ಹೆಪಟೈಟಿಸ್. ಜ್ವರ, ಕಾಮಾಲೆ, ಹಸಿವಿಲ್ಲದಿರುವುದು, ಮುಟ್ಟಿದರೆ ನೋಯುವ ದಪ್ಪನೆಯ ಲಿವರ್. ಮೂರನೆಯದು ಸಿರೋಸಿಸ್. ಗಾಯ ಮಾಗಿದ ಕಲೆಗಳಂತೆ ಲಿವರಿನ ತುಂಬ ಗಟ್ಟಿ ನಾರು ಬೆಳೆದು, ಆ ನುಣುಪಾದ ಕಲೇಜಿ ಗಂಟುಗಂಟಾಗಿ ಕಲ್ಲಿನಂತಾಗುತ್ತದೆ. 1819ರಲ್ಲಿ ಇದಕ್ಕೆ ಸಿರೋಸಿಸ್ ಎಂದು ಹೆಸರಿಟ್ಟವರು, ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್. ಕೆಟ್ಟ ಲಿವರಿನ ಹಳದಿ ಕಂದು ಬಣ್ಣಕ್ಕಿರುವ ಗ್ರೀಕ್ ಪದದಿಂದ ಆ ಹೆಸರು ಬಂತು.

“ನಮ್ಮ ಊರ ಫಲಾನಾ ಎಂಬತ್ತರ ತನಕ ಕುಡಿದ, ಏನೂ ಆಗಲಿಲ್ಲ” ಎಂಬ ವಾದ ನೀವೂ ಕೇಳಿರುತ್ತೀರಿ. ನಿಜ, ಅತಿಯಾಗಿ ಕುಡಿಯುವವರಲ್ಲೂ ಸಿರೋಸಿಸ್ ತನಕ ಹೋಗುವವರು ನೂರರಲ್ಲಿ ಹತ್ತಿಪ್ಪತ್ತು ಮಂದಿ. ಆದರೆ ಆ ಹತ್ತಿಪ್ಪತ್ತರಲ್ಲಿ ನಾನಿಲ್ಲ ಎಂದು ಮೊದಲೇ ತಿಳಿಸುವ ಪರೀಕ್ಷೆ ಯಾವುದೂ ಇಲ್ಲ. ಜೊತೆಗೆ ಬೊಜ್ಜು, ಸಕ್ಕರೆ ಕಾಯಿಲೆ ಅಥವಾ ಹೆಪಟೈಟಿಸ್ ‘ಬಿ’, ‘ಸಿ’ ಇದ್ದರೆ ಕೆಡುವ ವೇಗ ಹೆಚ್ಚು.

ನಮ್ಮ ಭಾಗದ ಹಿರಿಯರಿಗೆ ಸಾರಾಯಿ ಪ್ಯಾಕೆಟ್ಟುಗಳ ಕಾಲ ನೆನಪಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ಅದೇ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂಡಿಗಳ ಸಣ್ಣ ಪೊಟ್ಟಣಗಳು ಬಂದು ಕೂತವು, ಸರಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳೂ ಬಂದವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದೇ ಹೋದದ್ದು ಸುಮ್ಮನೆ ಅಲ್ಲ. ಮಳೆ ಕೈಕೊಟ್ಟಾಗ ಗೋವಾದ ಕಟ್ಟಡ ಕೆಲಸಕ್ಕೆ, ಮಹಾರಾಷ್ಟ್ರದ ಕಬ್ಬು ಕಡಿಯಲು ಗುಳೆ ಹೋಗುವ ನಮ್ಮ ತಾಲೂಕುಗಳ ಯುವಕರು ದುಡಿಮೆಯ ಜೊತೆ ಈ ಚಟವನ್ನೂ ಕಟ್ಟಿಕೊಂಡು ಬರುತ್ತಾರೆ.

ಅತಿ ದೊಡ್ಡ ಔಷಧ

ಈ ರೋಗಕ್ಕೆ ಅತಿ ದೊಡ್ಡ ಔಷಧ ಕುಡಿತವನ್ನು ಪೂರ್ತಿಯಾಗಿ ಬಿಡುವುದು. ಕಡಿಮೆ ಮಾಡುವುದಲ್ಲ, ಬ್ರಾಂಡ್ ಬದಲಿಸುವುದೂ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರಾದ ಪೊವೆಲ್ ಮತ್ತು ಕ್ಲಾಟ್ಸ್‌ಕಿನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿರೋಸಿಸ್ ಆದ ಮೇಲೂ ಕುಡಿತ ಬಿಟ್ಟವರಲ್ಲಿ ನೂರಕ್ಕೆ 63 ಮಂದಿ ಐದು ವರ್ಷದ ನಂತರ ಬದುಕಿದ್ದರು. ಮುಂದುವರಿಸಿದವರಲ್ಲಿ ಸುಮಾರು 40. ಅಂದಿನಿಂದ ಔಷಧಗಳು ಎಷ್ಟೋ ಬಂದಿವೆ, ಆದರೆ ಬಿಟ್ಟವನಿಗೂ ಬಿಡದವನಿಗೂ ಇರುವ ಅಂತರ ಹಾಗೆಯೇ ಇದೆ. ಹೊಟ್ಟೆಯಲ್ಲಿ ನೀರು ತುಂಬಿದವರು ಕೂಡ ಒಂದೆರಡು ವರ್ಷ ಬಿಟ್ಟಿದ್ದು, ನೀರಿಳಿದು ಹೊಲದ ಕೆಲಸಕ್ಕೆ ಮರಳಿದ ಉದಾಹರಣೆಗಳನ್ನು ವೈದ್ಯರು ಹೇಳುತ್ತಾರೆ.

ಆದರೆ ಎಚ್ಚರ! ಹತ್ತು ವರ್ಷ ಬೆಳಗ್ಗೆ ಎದ್ದೊಡನೆ ಕುಡಿದವನಿಂದ ಇಂದು ಕುರ್‌ಆನಿನ ಮೇಲೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕಿದರೆ ಅವನ ಜೀವಕ್ಕೇ ಅಪಾಯವಿದೆ. ದೇಹ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಕೊನೆಯ ಗುಟುಕಿನ ನಂತರ ಆರು ಗಂಟೆಯಿಂದಲೇ ಕೈ ನಡುಕ, ಬೆವರು, ವಾಂತಿ ಆರಂಭವಾಗಬಹುದು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣುವುದು, ಯಾರೋ ಕೊಲ್ಲಲು ಬಂದರೆಂದು ಓಡುವುದು, ಮೈ ಸುಡುವುದು. ಇದನ್ನು ಜಿನ್ನ್ ಹಿಡಿಯಿತೆಂದು ತಿಳಿದು ದರ್ಗಾಕ್ಕೆ ಕರೆದೊಯ್ಯುವುದೂ ಉಂಟು. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರ ತನಕ ಮದ್ಯದಂಗಡಿಗಳು ಮುಚ್ಚಿದಾಗ ರಾಜ್ಯದಲ್ಲಿ ಇಂಥವರು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನೀವೇ ಓದಿದ್ದೀರಿ. ಆದ್ದರಿಂದ ದಿನವೂ ಹೆಚ್ಚು ಕುಡಿಯುವವನು ಬಿಡುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲಿ ಆಗಲಿ. ಕೆಲವು ದಿನ ನಡುಕ ತಡೆಯುವ ಮಾತ್ರೆ ಕೊಡುತ್ತಾರೆ, ಲಿವರ್ ಕೆಟ್ಟಿದ್ದರೆ ಅದಕ್ಕೆ ಹೊಂದುವ ಮಾತ್ರೆಯನ್ನೇ ಆರಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ‘ಬಿ-1’ ಜೀವಸತ್ವದ ಇಂಜೆಕ್ಷನ್. ಅದು ಸಣ್ಣ ಔಷಧವೆಂದು ಕಡೆಗಣಿಸಬೇಡಿ. ಆ ಜೀವಸತ್ವದ ಕೊರತೆಯಿಂದ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ಆಸೆ ಮತ್ತೆ ಕಾಡುತ್ತದೆ. ಅದಕ್ಕೆ ಮನೋವೈದ್ಯರ ಬಳಿ ಮಾತ್ರೆಗಳಿವೆ. ಸಿರೋಸಿಸ್ ಇದ್ದವರಿಗೂ ವೈದ್ಯರು ಕೊಡುವುದು ಬ್ಯಾಕ್ಲೋಫೆನ್, ಅದೂ ಮೂತ್ರಪಿಂಡದ ಸ್ಥಿತಿ ನೋಡಿಕೊಂಡು, ಮಂಪರು ಬಾರದಂತೆ ಪ್ರಮಾಣ ಹೊಂದಿಸಿ.

ಇಲ್ಲಿ ಸಹೋದರಿಯರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ‘ಗಂಡನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳು ಬಸ್ ನಿಲ್ದಾಣದ ಗೋಡೆಯಲ್ಲೂ ಮೊಬೈಲಿನಲ್ಲೂ ಕಾಣುತ್ತವೆ. ಆ ಪುಡಿಯಲ್ಲಿ ಏನಿದೆ ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧ ಬೆರೆತಿದ್ದರೆ, ಅದು ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದೊಡನೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ಆ ಔಷಧವೇ ಲಿವರಿಗೆ ಹಾನಿ ಮಾಡಬಲ್ಲದು, ಹೀಗಾಗಿ ಸಿರೋಸಿಸ್ ರೋಗಿಗಳಿಗೆ ವೈದ್ಯರು ಅದನ್ನು ಕೊಡುವುದಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ, ಅವನಿಗೆ ತಿಳಿಯದಂತೆ ಇಂಥದ್ದನ್ನು ಕೊಡಲೇಬಾರದು. ಬದುಕಿಸಬೇಕೆಂದು ಬಡಿಸಿದ ಊಟದಿಂದಲೇ ಸಾವು ಬಂದರೆ ಆ ಹೆಣ್ಣುಮಗಳ ಗತಿಯೇನು?

ನೀರು, ರಕ್ತ, ಮಂಕು

ವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಎಸ್‌ಜಿಒಟಿ ಎಂಬುದು ಎಸ್‌ಜಿಪಿಟಿಯ ಎರಡು ಪಟ್ಟಿದ್ದರೆ ಮದ್ಯದ ಕಡೆ ಬೆರಳು ತೋರಿಸಿದಂತೆ. ನೀವು ಎಷ್ಟೇ ಮುಚ್ಚಿಟ್ಟರೂ ರಕ್ತ ಹೇಳಿಬಿಡುತ್ತದೆ! ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೆಪಟೈಟಿಸ್ ‘ಬಿ’ ಮತ್ತು ‘ಸಿ’, ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಬೇಕಾಗುತ್ತವೆ.

ಉರಿಯೂತ ತೀವ್ರವಾಗಿದ್ದರೆ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಏಳನೆಯ ದಿನ ಮತ್ತೆ ರಕ್ತ ನೋಡಿ, ಗುಣ ಕಂಡರೆ 28 ದಿನ ಮುಂದುವರಿಸುತ್ತಾರೆ, ಇಲ್ಲವಾದರೆ ನಿಲ್ಲಿಸುತ್ತಾರೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ಔಷಧದಂಗಡಿಯಿಂದ ತಂದು ನುಂಗುವ ಮಾತ್ರೆಯಂತೂ ಖಂಡಿತ ಅಲ್ಲ.

ಸಿರೋಸಿಸ್ ಆದವರಲ್ಲಿ ಮೂರು ತೊಂದರೆಗಳನ್ನು ಮನೆಯವರು ಗುರುತಿಸುವಂತಿರಬೇಕು. ಲಿವರ್ ಗಟ್ಟಿಯಾದಾಗ ಅದರೊಳಗೆ ಹರಿಯಲಾರದ ರಕ್ತ ಹಿಂದಕ್ಕೆ ಒತ್ತುತ್ತದೆ. ಆಲಮಟ್ಟಿಯ ಗೇಟು ಮುಚ್ಚಿದಾಗ ಕೃಷ್ಣೆಯ ಹಿನ್ನೀರು ಹೊಲಗಳಿಗೆ ಏರಿದಂತೆ ಇದೂ ಎಂದರೆ ಬಾಗೇವಾಡಿ ಕಡೆಯವರಿಗೆ ಬೇಗ ತಿಳಿದೀತು. ಆ ಒತ್ತಡದಿಂದ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಚಿಕಿತ್ಸೆ ಆರಂಭವಾಗುವುದು ಅಡುಗೆಮನೆಯಲ್ಲಿ: ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ. ಜೊತೆಗೆ ಮೂತ್ರ ಹೆಚ್ಚಿಸುವ ಸ್ಪೈರೊನೊಲ್ಯಾಕ್ಟೋನ್, ಫ್ಯುರೋಸಮೈಡ್ ಮಾತ್ರೆಗಳು. ಹೆಚ್ಚಾದರೆ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಐದು ಲೀಟರಿಗಿಂತ ಹೆಚ್ಚು ತೆಗೆದರೆ ಆಲ್ಬುಮಿನ್ ಬಾಟಲಿ ಏರಿಸಬೇಕು, ಅದು ದುಬಾರಿ. ನೀರಿದ್ದವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೆ ನೀರಿಗೆ ಸೋಂಕು ತಗುಲಿದೆ ಎಂದು ಭಾವಿಸಿ ಅದೇ ದಿನ ಹೊರಡಬೇಕು.

ಅದೇ ಒತ್ತಡದಿಂದ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುತ್ತವೆ. ರಕ್ತ ವಾಂತಿ, ಅಥವಾ ಡಾಂಬರಿನಂತೆ ಕಪ್ಪು ಮಲ. ಕಪ್ಪು ಮಲವನ್ನು ‘ಉಷ್ಣ’ ಎಂದು ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಗಂಟೆಗಳ ಲೆಕ್ಕ ಅದು. ಎಂಡೋಸ್ಕೋಪಿ ನಳಿಕೆ ಇಳಿಸಿ, ಉಬ್ಬಿದ ನಾಳಕ್ಕೆ ರಬ್ಬರ್ ಬಳೆ ಬಿಗಿದು ರಕ್ತ ನಿಲ್ಲಿಸುತ್ತಾರೆ. ಒಡೆಯುವ ಮೊದಲೇ ಪತ್ತೆಯಾದರೆ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆಯಿಂದ ಒತ್ತಡ ಇಳಿಸಬಹುದು.

ಮೂರನೆಯದು ಮಂಕು. ಹಗಲು ನಿದ್ದೆ, ರಾತ್ರಿ ಎಚ್ಚರ, ತಪ್ಪು ಮಾತು, ಚಾಚಿದ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿಯುವುದು. ಲಿವರ್ ಶುದ್ಧಮಾಡದ ವಿಷ ಮಿದುಳಿಗೆ ಏರಿದ್ದರ ಗುರುತು ಇದು. ಇಂಥವನನ್ನು ಮತ್ತೆ ಕುಡಿದನೆಂದು ಬೈಯುವವರೇ ಹೆಚ್ಚು. ಮಲಬದ್ಧತೆ, ಸೋಂಕು, ನಿದ್ದೆ ಮಾತ್ರೆಗಳಿಂದ ಇದು ಹೆಚ್ಚುತ್ತದೆ. ದಿನಕ್ಕೆ ಎರಡು ಮೂರು ಸಲ ಸಡಿಲವಾಗಿ ಮಲ ಹೋಗುವಂತೆ ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಾರೆ, ಬೇಕಾದರೆ ರಿಫಾಕ್ಸಿಮಿನ್ ಸೇರಿಸುತ್ತಾರೆ. ಭೇದಿಯೆಂದು ಹೆದರಿ ಸಿರಪ್ ನಿಲ್ಲಿಸಿದರೆ ಮಂಕು ಮರಳುತ್ತದೆ.

ಊಟದ ಮಾತು

ಕಾಮಣಿ ಎಂದೊಡನೆ ಬರೀ ಗಂಜಿ, ಮಜ್ಜಿಗೆ, ಕಬ್ಬಿನ ಹಾಲು ಎಂಬ ಪಥ್ಯ ನಮ್ಮಲ್ಲಿ ಬೇರೂರಿದೆ. ಈ ರೋಗಿಗೆ ಅದರಿಂದ ಹಾನಿಯೇ ಹೆಚ್ಚು. ಅವನ ಮಾಂಸಖಂಡ ಆಗಲೇ ಕರಗಿರುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕಿಲೋದವನಿಗೆ 60ರಿಂದ 75 ಗ್ರಾಂ. ಮಡಕಿಕಾಳು, ಹೆಸರುಕಾಳು, ತೊಗರಿಬೇಳೆ, ಮೊಸರು, ತತ್ತಿ, ಹೊಂದಿದರೆ ಕೋಳಿ ಮಾಂಸ, ಮೀನು. ಜೋಳದ ರೊಟ್ಟಿಗೆ ನಮ್ಮ ಕಡೆ ಉಪ್ಪು ಹಾಕುವುದಿಲ್ಲ, ಅದು ನೀರು ತುಂಬಿದವರಿಗೆ ವರದಾನ. ಉಪ್ಪಿನ ಬದಲು ಇಂಡಿಯ ಲಿಂಬೆಹಣ್ಣು ಹಿಂಡಿಕೊಳ್ಳಿ. ಅದೇ ಲಿಂಬೆ ಉಪ್ಪಿನಕಾಯಿಯಾಗಿ ಬಂದರೆ ಮಾತ್ರ ತಟ್ಟೆಯಿಂದ ದೂರವಿರಲಿ. ಹಪ್ಪಳ, ಸಂಡಿಗೆ, ಬೇಕರಿ ತಿನಿಸುಗಳೂ ಹಾಗೆಯೇ. ಮೂರು ದೊಡ್ಡ ಊಟಕ್ಕಿಂತ ಐದಾರು ಸಣ್ಣ ಊಟ ಒಳ್ಳೆಯದು. ರಾತ್ರಿ ಮಲಗುವಾಗ ಏನಾದರೂ ತಿನ್ನಲೇಬೇಕು, ಏಕೆಂದರೆ ಕೆಟ್ಟ ಲಿವರಿನಲ್ಲಿ ಇಡೀ ರಾತ್ರಿಗಾಗುವಷ್ಟು ದಾಸ್ತಾನು ಇರುವುದಿಲ್ಲ.

ಇದರಿಂದಲೇ ರಮಝಾನಿನ ಪ್ರಶ್ನೆ ಬರುತ್ತದೆ. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಕು ಆಗಿಹೋದ ಸಿರೋಸಿಸ್ ರೋಗಿಗಳು ಉಪವಾಸ ಹಿಡಿಯಬಾರದೆಂದೇ ವೈದ್ಯರು ಹೇಳುತ್ತಾರೆ. ರೋಗಿಗೆ ವಿನಾಯಿತಿ ಇರುವುದು ಸೂರಃ ಅಲ್ ಬಕರದಲ್ಲೇ ಇದೆ. ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಫಿದ್‌ಯಾ ಇದೆ. ತೌಬಾ ಮಾಡಿದ ಉತ್ಸಾಹದಲ್ಲಿ ಮೂವತ್ತೂ ಉಪವಾಸ ಹಿಡಿಯುತ್ತೇನೆನ್ನುವವರನ್ನು ಮನೆಯವರು ಮೃದುವಾಗಿ ತಡೆಯಲಿ.

ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಈ ರೋಗಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ‘ಲಿವರ್ ಟಾನಿಕ್’ಗಳ ಮೇಲೆ ಸುರಿಯುವ ಹಣವನ್ನು ತತ್ತಿಗೆ ಹಾಕಿದರೆ ಲಾಭ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಗಿಡಮೂಲಿಕೆಯೆಂದರೆ ನಿರಪಾಯ ಎಂಬ ಮಾತೂ ನಿಜವಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಕೆಟ್ಟದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೆ ಆಗಲೇ ಕೆಟ್ಟಿರುವ ಲಿವರಿನ ಮೇಲೆ ಇಂಥ ಪ್ರಯೋಗ ಏಕೆ?

ಲಿವರ್ ಕಸಿ

ಎಲ್ಲ ಮಾಡಿದರೂ ಲಿವರ್ ಚೇತರಿಸದಿದ್ದರೆ ಕೊನೆಯ ದಾರಿ ಕಸಿ. ಭಾರತದಲ್ಲಿ ಮೊದಲ ಯಶಸ್ವಿ ಲಿವರ್ ಕಸಿ ನಡೆದದ್ದು 1998ರಲ್ಲಿ, ದೆಹಲಿಯಲ್ಲಿ. ಎರಡು ವರ್ಷವೂ ತುಂಬದ ಮಗುವಿಗೆ ತಂದೆಯೇ ಲಿವರಿನ ಭಾಗ ಕೊಟ್ಟಿದ್ದರು. ಕೊಟ್ಟವರ ಲಿವರ್ ಕೆಲವು ತಿಂಗಳಲ್ಲಿ ಬೆಳೆದು ಹಿಂದಿನ ಗಾತ್ರಕ್ಕೆ ಹತ್ತಿರ ಬರುತ್ತದೆ. ಬೇರೆ ಅಂಗಗಳಿಗಿಲ್ಲದ ಅದ್ಭುತ ಗುಣ ಇದು. ಮಿದುಳು ನಿಷ್ಕ್ರಿಯರಾದ ದಾನಿಗಳಿಂದಲೂ ಪಡೆಯಬಹುದು, ನಮ್ಮ ರಾಜ್ಯದಲ್ಲಿ ಅದರ ಸರದಿಯನ್ನು ನೋಡಿಕೊಳ್ಳುವ ಸಂಸ್ಥೆಗೆ ‘ಜೀವಸಾರ್ಥಕತೆ’ ಎಂದು ಹೆಸರು. ಕುಡಿತದಿಂದ ಲಿವರ್ ಕೆಟ್ಟವರಿಗೆ ಆರು ತಿಂಗಳು ಬಿಟ್ಟಿರಬೇಕೆಂಬ ನಿಯಮವನ್ನು ಬಹುತೇಕ ಕಡೆ ಪಾಲಿಸುತ್ತಾರೆ. ಆರು ತಿಂಗಳು ಬದುಕಲಾರದಂಥ ಕೆಲವರಿಗೆ ಬೇಗನೆ ಕಸಿ ಮಾಡಿದಾಗಲೂ ಒಳ್ಳೆಯ ಫಲಿತಾಂಶ ಬಂದದ್ದನ್ನು ಫ್ರಾನ್ಸಿನ ವೈದ್ಯರು 2011ರಲ್ಲಿ ತೋರಿಸಿದರು.

ಅಂಗದಾನ ಶರೀಅತ್ತಿನಲ್ಲಿ ಆದೀತೇ ಎಂದು ನಮ್ಮವರು ಕೇಳುತ್ತಾರೆ. ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಜಿದ್ದಾದ ಅಂತರ್‌ರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ, ದಾನಿಯ ಜೀವಕ್ಕೆ ಅಪಾಯವಾಗಬಾರದು, ಮಾರಾಟವಾಗಬಾರದು ಮುಂತಾದ ಷರತ್ತುಗಳೊಂದಿಗೆ ಅಂಗಕಸಿಯನ್ನು ಅನುಮತಿಸಿತು. ನಿಮ್ಮ ವಿಶ್ವಾಸದ ಆಲಿಮರನ್ನು ಕೇಳಿ, ಆದರೆ ರೋಗಿ ಐಸಿಯುಗೆ ಹೋದ ಮೇಲಲ್ಲ, ಮೊದಲೇ ಕೇಳಿ.

ಎಲ್ಲಿಗೆ ಹೋಗಬೇಕು?

ಇಂಡಿಯವರು ಸೊಲ್ಲಾಪುರದ ಕಡೆ, ಸಿಂದಗಿಯವರು ಕಲಬುರಗಿಯ ಕಡೆ, ಮುದ್ದೇಬಿಹಾಳದವರು ಬಾಗಲಕೋಟೆಯ ಕಡೆ ಓಡುವುದು ವಾಡಿಕೆ. ಆದರೆ ಮೊದಲ ಹೆಜ್ಜೆ ನಿಮ್ಮ ತಾಲೂಕು ಆಸ್ಪತ್ರೆಯಲ್ಲೇ ಇಡಬಹುದು. ರಕ್ತ ಪರೀಕ್ಷೆ ಅಲ್ಲಿಂದ ಆರಂಭವಾಗಲಿ. ಮುಂದಿನದಕ್ಕೆ ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಅಲ್ ಅಮೀನ್ ಮತ್ತು ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳಿ ಪಡೆಯಿರಿ, ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಚಟ ಬಿಡಿಸಲು ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು, ನಿಮ್ಮಲ್ಲಿ ಯಾವ ವಾರ ಎಂದು ವಿಚಾರಿಸಿ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿಂದಲೂ ಬಹಳ ಜನ ಬಿಟ್ಟಿದ್ದಾರೆ. ಕಣ್ಣು ಹಳದಿಯಾಗಿರುವವರು ಮಾತ್ರ ವೈದ್ಯರಿಗೆ ತೋರಿಸಿಯೇ ಶಿಬಿರಕ್ಕೆ ಹೋಗಲಿ. ಊರಲ್ಲಿ ಹೆಸರು ಹೇಳಲು ನಾಚಿಕೆಯಾದವರಿಗೆ ಫೋನ್ ಇದೆ: ಟೆಲಿಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ, ಹೆಂಡತಿ ಅಥವಾ ತಾಯಿಯೂ ಮಾತಾಡಬಹುದು.

ಗುಣ ಕಂಡ ಮೇಲೂ ಸಿರೋಸಿಸ್ ರೋಗಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಬಾರದು, ಏಕೆಂದರೆ ಗಟ್ಟಿಯಾದ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಹುಟ್ಟುವ ಸಂಭವವಿದೆ, ಸಣ್ಣದಿರುವಾಗ ಸಿಕ್ಕರೆ ಅದಕ್ಕೂ ಚಿಕಿತ್ಸೆಯಿದೆ. ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಬರಹೇಳುತ್ತಾರೆ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಸರದಿಯಲ್ಲಿ ಕೂತು ಮಧ್ಯಾಹ್ನವಾದರೆ ಇಂಥ ರೋಗಿ ಬಳಲುತ್ತಾನೆ. ಆದ್ದರಿಂದ ಹಿಂದಿನ ರಾತ್ರಿ ಮಲಗುವ ಮುನ್ನ ಚೆನ್ನಾಗಿ ಉಣ್ಣಿಸಿ. ಚೀಲದಲ್ಲಿ ರೊಟ್ಟಿ, ಬೇಯಿಸಿದ ತತ್ತಿ ಇಟ್ಟುಕೊಳ್ಳಿ. ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದೊಡನೆ ಅಲ್ಲೇ ಬೆಂಚಿನ ಮೇಲೆ ಕೂರಿಸಿ ತಿನ್ನಿಸಿ.